ಆನ್‌ಲೈನ್ ಪದವಿ ತರಗತಿ: ಒಂದು ಘಟಕವನ್ನು ಕಟ್ಟುವುದರಿಂದ ಉತ್ತರ ತಿದ್ದುವವರೆಗೆ

“ಎಲ್ಲರಿಗೂ ಅರ್ಥವಾಯಿತಾ?” ಎಂದು ಕೇಳಿದ ಕೂಡಲೇ ಚಾಟ್‌ನಲ್ಲಿ “ಯೆಸ್ ಸರ್”, “ಯೆಸ್ ಸರ್” ಎಂದು ಸಾಲುಸಾಲಾಗಿ ಉತ್ತರಗಳು ಬೀಳುತ್ತವೆ. ಕೋವಿಡ್ ಕಾಲದಲ್ಲಿ ಬಿ.ಎ. ಮೊದಲ ವರ್ಷದವರಿಗೆ ಅರ್ಥಶಾಸ್ತ್ರದ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು (ಬೆಲೆ ಬದಲಾದಾಗ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) 50 ನಿಮಿಷ ಬಿಡುವಿಲ್ಲದೆ ವಿವರಿಸಿ, ಆ ಸಾಲುಗಳನ್ನು ನೋಡಿ ಸಮಾಧಾನಪಟ್ಟುಕೊಂಡು, ಮರುದಿನ ಅದೇ ಪಾಠದ ಮೇಲೆ ಒಂದು ಸಣ್ಣ ಲೆಕ್ಕ ಕೊಟ್ಟೆ. ಸರಿಯಾಗಿ ಬಿಡಿಸಿದವರು ಬೆರಳೆಣಿಕೆಯಷ್ಟು ಮಂದಿ. ಹುಡುಗರು ಸುಳ್ಳು ಹೇಳಿದ್ದರೆಂದು ನಾನು ಭಾವಿಸುವುದಿಲ್ಲ. ಕೇಳುವಾಗ ಅವರಿಗೆ ಅರ್ಥವಾದಂತೆಯೇ ಅನ್ನಿಸಿತ್ತು. ಕಾಲೇಜಿನ ಕೊಠಡಿಯಲ್ಲಾಗಿದ್ದರೆ ನಡುವೆ ನಿಂತುಹೋದ ಪೆನ್ನು, ಪಕ್ಕದವನ ನೋಟ್‌ಬುಕ್ಕಿಗೆ ಇಣುಕುವ ಕೊನೆಯ ಬೆಂಚಿನ ಹುಡುಗ, ಹುಬ್ಬು ಗಂಟಿಕ್ಕಿದ ಮುಖ ಇವೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತಿದ್ದವು. ಪರದೆಯ ಮೇಲೆ ಹೆಸರಿನ ಮೊದಲ ಅಕ್ಷರ ಹೊತ್ತ ಬಣ್ಣದ ವೃತ್ತಗಳು ಮಾತ್ರ ಇದ್ದವು.

ಈ ಮಾರ್ಗದರ್ಶಿ ನಿಂತಿರುವುದು ಆ ಒಂದು ಅನುಭವದ ಮೇಲೆ. ಮುಖ ಕಾಣದ ಕಡೆ ವಿದ್ಯಾರ್ಥಿಯ ಕೆಲಸವಾದರೂ ಕಾಣಬೇಕು. ಆದ್ದರಿಂದ ಆನ್‌ಲೈನ್ ಬೋಧಕರ ತಯಾರಿಯ ಹೆಚ್ಚಿನ ಪಾಲು ತಾವು ಏನು ಹೇಳಬೇಕೆಂಬುದಕ್ಕಲ್ಲ, ವಿದ್ಯಾರ್ಥಿ ಪ್ರತಿ ವಾರ ಏನು ಮಾಡಿ ತೋರಿಸಬೇಕೆಂಬುದಕ್ಕೆ ಹೋಗಬೇಕು. ಇಲ್ಲಿ ನಾನು ಮನಸ್ಸಿನಲ್ಲಿಟ್ಟುಕೊಂಡಿರುವುದು 60ರಿಂದ 80 ವಿದ್ಯಾರ್ಥಿಗಳಿರುವ, ಬಹುಪಾಲು ಮೊಬೈಲಿನಲ್ಲೇ ಪಾಠ ಕೇಳುವ, ಕನ್ನಡ ಮಾಧ್ಯಮದಿಂದ ಬಂದವರೂ ಇಂಗ್ಲಿಷ್ ಮಾಧ್ಯಮದವರೂ ಬೆರೆತಿರುವ ಕರ್ನಾಟಕದ ಒಂದು ಸಾಮಾನ್ಯ ಪದವಿ ತರಗತಿಯನ್ನು. ಉದಾಹರಣೆಗೆ ಅರ್ಥಶಾಸ್ತ್ರದ ಅದೇ ಘಟಕವನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ವಾಣಿಜ್ಯ, ಇತಿಹಾಸ, ವಿಜ್ಞಾನದವರು ತಮ್ಮ ಘಟಕವನ್ನು ಆ ಜಾಗದಲ್ಲಿಟ್ಟು ನೋಡಬಹುದು.

ಮೊದಲ ಹೆಜ್ಜೆ: ತರಗತಿ ಆರಂಭವಾಗುವ ಮುನ್ನ ವಿದ್ಯಾರ್ಥಿಯ ಕೈಯಲ್ಲೇನಿದೆ ಎಂದು ತಿಳಿಯಿರಿ

ಸೆಮಿಸ್ಟರ್ ಶುರುವಾಗುವ ವಾರದ ಮೊದಲೇ ಐದು ಪ್ರಶ್ನೆಗಳ ಒಂದು ಗೂಗಲ್ ಫಾರ್ಮ್ ಕಳುಹಿಸಿ. ಫೋನ್ ಸ್ವಂತದ್ದೋ, ಮನೆಯವರೊಂದಿಗೆ ಹಂಚಿಕೊಳ್ಳುವುದೋ? ದಿನಕ್ಕೆ ಎಷ್ಟು ಡೇಟಾ ಸಿಗುತ್ತದೆ? ಮನೆಯೊಳಗೆ ನೆಟ್‌ವರ್ಕ್ ಸಿಗುತ್ತದೆಯೋ, ಹೊರಗೆ ಹೋಗಬೇಕೋ? ಪಿಯುಸಿಯಲ್ಲಿ ಈ ವಿಷಯವನ್ನು ಓದಿದ್ದರೇ, ಯಾವ ಮಾಧ್ಯಮದಲ್ಲಿ? ದಿನದ ಯಾವ ಹೊತ್ತಿನಲ್ಲಿ ಕೆಲಸಕ್ಕೆ ಹೋಗುತ್ತಾರೆ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಪದವಿ ಓದುವ ಹುಡುಗರಲ್ಲಿ ಬೆಳಗ್ಗೆ ಪತ್ರಿಕೆ ಹಾಕುವವರು, ಸಂಜೆ ಅಂಗಡಿಯಲ್ಲಿ ನಿಲ್ಲುವವರು, ಕೊಯ್ಲಿನ ಸಮಯದಲ್ಲಿ ಹೊಲಕ್ಕೆ ಇಳಿಯುವವರು ನಾವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತಾರೆ.

ಈ ಫಾರ್ಮ್‌ನಲ್ಲಿ ಒಂದು ಹಾಸ್ಯಾಸ್ಪದ ದೋಷವಿದೆ: ಇಂಟರ್‌ನೆಟ್ ಇಲ್ಲದವರು ಅದನ್ನು ತುಂಬುವುದೇ ಇಲ್ಲ. ಬಂದ ಉತ್ತರಗಳನ್ನು ಮಾತ್ರ ಕೂಡಿಸಿ “ನಮ್ಮ ತರಗತಿಯಲ್ಲಿ ಎಲ್ಲರಿಗೂ ನೆಟ್ ಇದೆ” ಎಂದು ವರದಿ ಬರೆದುಬಿಡುವುದು ಬಹಳ ಸುಲಭ. ಆದ್ದರಿಂದ ದಾಖಲಾತಿ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಫಾರ್ಮ್ ತುಂಬದವರನ್ನು ಗುರುತು ಮಾಡಿ, ಅವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡಿ. ಒಂದು ಮಧ್ಯಾಹ್ನದ ಕೆಲಸವಿದು. ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಈ ಪಟ್ಟಿಯಿಂದಲೇ ಹುಟ್ಟುತ್ತವೆ. ಮಲೆನಾಡಿನ ಊರುಗಳಲ್ಲಿ ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಂಥ ಒಬ್ಬ ವಿದ್ಯಾರ್ಥಿ ನಿಮ್ಮ ಪಟ್ಟಿಯಲ್ಲಿದ್ದರೂ ನೇರ ತರಗತಿಯ ಹಾಜರಾತಿಯೊಂದನ್ನೇ ಕಲಿಕೆಯ ಅಳತೆಗೋಲು ಮಾಡುವುದು ನ್ಯಾಯವಲ್ಲ.

ಎರಡನೆಯ ಹೆಜ್ಜೆ: ಪಠ್ಯಕ್ರಮದ ಸಾಲನ್ನು ಮಾಡಬಹುದಾದ ಕೆಲಸವಾಗಿ ಬದಲಿಸಿ

ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: “ಬೇಡಿಕೆಯ ಸ್ಥಿತಿಸ್ಥಾಪಕತ್ವ: ಅರ್ಥ, ವಿಧಗಳು, ಮಾಪನ ವಿಧಾನಗಳು, ಮಹತ್ವ.” ಇದು ನಾವು ಏನನ್ನು ಹೇಳಿ ಮುಗಿಸಬೇಕೆಂಬುದರ ಪಟ್ಟಿಯೇ ಹೊರತು ವಿದ್ಯಾರ್ಥಿಗೆ ಏನು ಬರಬೇಕೆಂಬುದರ ಪಟ್ಟಿಯಲ್ಲ. ಘಟಕದ ಕೊನೆಯಲ್ಲಿ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು ಎಂದು ನಾಲ್ಕು ವಾಕ್ಯಗಳಲ್ಲಿ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಇಷ್ಟು: ಎರಡು ಬೆಲೆ ಮತ್ತು ಎರಡು ಪ್ರಮಾಣ ಕೊಟ್ಟರೆ ಸ್ಥಿತಿಸ್ಥಾಪಕತ್ವವನ್ನು ಲೆಕ್ಕ ಹಾಕಬೇಕು, ಬಂದ ಸಂಖ್ಯೆಯ ಅರ್ಥವನ್ನು ಅರ್ಥಶಾಸ್ತ್ರ ಓದದ ತನ್ನ ತಾಯಿಗೆ ಕನ್ನಡದಲ್ಲಿ ಹೇಳಬಲ್ಲವನಾಗಬೇಕು, ಉಪ್ಪಿನ ಬೇಡಿಕೆ ಮತ್ತು ಹೋಟೆಲ್ ಊಟದ ಬೇಡಿಕೆ ಏಕೆ ಬೇರೆ ಬೇರೆ ರೀತಿ ವರ್ತಿಸುತ್ತವೆ ಎಂದು ಕಾರಣ ಕೊಡಬೇಕು, ಬೆಲೆ ಏರಿದಾಗ ವ್ಯಾಪಾರಿಯ ಒಟ್ಟು ಆದಾಯ ಏರುವುದೋ ಇಳಿಯುವುದೋ ಎಂದು ಮುಂಗಾಣಬೇಕು. “ತಿಳಿಯುವುದು”, “ಅರಿಯುವುದು” ಎಂಬ ಕ್ರಿಯಾಪದಗಳನ್ನು ಬಿಟ್ಟು “ಲೆಕ್ಕ ಹಾಕುವುದು”, “ಹೋಲಿಸುವುದು”, “ಕಾರಣ ಕೊಡುವುದು” ಮುಂತಾದವನ್ನು ಬಳಸಿದರೆ ಪರೀಕ್ಷೆಯ ಪ್ರಶ್ನೆಯೂ ಅದರ ಜೊತೆಗೇ ಸಿದ್ಧವಾಗುತ್ತದೆ.

ಮೊದಲು ಘಟಕದ ಕೊನೆಯ ಪ್ರಶ್ನೆಪತ್ರಿಕೆಯನ್ನು ಬರೆಯಿರಿ, ನಂತರ ವಾರದ ಕೆಲಸಗಳನ್ನು, ಕೊನೆಗೆ ಪಾಠವನ್ನು. ಈ ತಿರುವುಮುರುವು ಕ್ರಮ ಮೊದಲ ಸಲ ಅಸ್ವಾಭಾವಿಕವೆನಿಸುತ್ತದೆ. ಆದರೆ ಹೀಗೆ ಮಾಡಿದಾಗ ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದ ಕೆಲವು ಸಂಗತಿಗಳು, ಉದಾಹರಣೆಗೆ ಅರ್ಧ ಗಂಟೆಯ ವ್ಯಾಖ್ಯೆಗಳ ಇತಿಹಾಸ, ಯಾವ ಕೆಲಸಕ್ಕೂ ಬೇಕಾಗಿಲ್ಲವೆಂದು ಗೊತ್ತಾಗಿ ತಾವಾಗಿಯೇ ಉದುರಿಹೋದವು.

ಸಮಯದ ಲೆಕ್ಕವನ್ನೂ ಇಲ್ಲಿಯೇ ಮಾಡಿ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್‌ಗೆ 30 ಗಂಟೆಗಳ ಕಲಿಕೆಯನ್ನು ಲೆಕ್ಕ ಹಿಡಿಯುತ್ತದೆ. ಅದರಂತೆ ಮೂರು ಕ್ರೆಡಿಟ್‌ನ ಪತ್ರಿಕೆಗೆ 90 ಗಂಟೆ, 15 ವಾರಗಳಿಗೆ ಹಂಚಿದರೆ ವಾರಕ್ಕೆ ಆರು ಗಂಟೆ. ನೇರ ತರಗತಿ, ವಿಡಿಯೊ, ಓದು, ಲೆಕ್ಕ, ಚರ್ಚೆ ಎಲ್ಲವೂ ಆ ಆರು ಗಂಟೆಯೊಳಗೆ ಹಿಡಿಯಬೇಕು. ಆನ್‌ಲೈನ್ ಎಂಬ ಕಾರಣಕ್ಕೆ ಪ್ರತಿಯೊಬ್ಬ ಬೋಧಕರೂ ಒಂದೊಂದು ವಿಡಿಯೊ, ಒಂದೊಂದು ಪಿಡಿಎಫ್, ಒಂದೊಂದು ಅಸೈನ್‌ಮೆಂಟ್ ಹೆಚ್ಚಾಗಿ ಹಾಕಿದರೆ ಏಳೆಂಟು ಪತ್ರಿಕೆ ಓದುವ ವಿದ್ಯಾರ್ಥಿಯ ಗತಿಯೇನು ಎಂದು ವಿಭಾಗದ ಸಭೆಯಲ್ಲಿ ಒಮ್ಮೆ ಕೂತು ಕೂಡಿಸಿ ನೋಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ವಾರಕ್ಕೊಂದು ಬದಲಾಗದ ಲಯ, ಎಲ್ಲಕ್ಕೂ ಒಂದೇ ಜಾಗ

ಸೋಮವಾರ ಬೆಳಗ್ಗೆ ವಾರದ ಸಾಮಗ್ರಿ, ಬುಧವಾರ ಮತ್ತು ಗುರುವಾರ ನೇರ ತರಗತಿ, ಶುಕ್ರವಾರ ಐದು ಪ್ರಶ್ನೆಗಳ ಕಿರುಪರೀಕ್ಷೆ, ಭಾನುವಾರ ರಾತ್ರಿ ಬರವಣಿಗೆಯ ಕೆಲಸ ಸಲ್ಲಿಕೆ. ದಿನಗಳು ನಿಮಗೆ ಬೇಕಾದವು ಇರಲಿ, ಆದರೆ ಸೆಮಿಸ್ಟರ್ ಮುಗಿಯುವವರೆಗೆ ಬದಲಿಸಬೇಡಿ. ಕಾಲೇಜಿನ ಗಂಟೆ, ಬಸ್ಸಿನ ಸಮಯ, ಗೆಳೆಯರ ಒತ್ತಾಯ ಇವುಗಳಿಂದ ದಿನಕ್ಕೆ ಬರುತ್ತಿದ್ದ ಆಕಾರ ಮನೆಯಲ್ಲಿ ಇರುವುದಿಲ್ಲ. ಆ ಆಕಾರವನ್ನು ವೇಳಾಪಟ್ಟಿಯೇ ಕೊಡಬೇಕು.

ಸಾಮಗ್ರಿಯೆಲ್ಲ ಗೂಗಲ್ ಕ್ಲಾಸ್‌ರೂಮ್, ಮೂಡಲ್ ಅಥವಾ ಕಾಲೇಜು ಕೊಟ್ಟಿರುವ ಯಾವುದಾದರೂ ಒಂದು ವೇದಿಕೆಯಲ್ಲಿ ಮಾತ್ರ ಇರಲಿ. ವಾಟ್ಸ್‌ಆ್ಯಪ್ ಗುಂಪನ್ನು ಸೂಚನೆಗಳಿಗೆ ಮಾತ್ರ ಇಟ್ಟುಕೊಳ್ಳಿ, ಅಡ್ಮಿನ್‌ಗಳಷ್ಟೇ ಬರೆಯುವಂತೆ ಹೊಂದಿಸಿ. ಹಬ್ಬದ ಶುಭಾಶಯ, ಶುಭೋದಯದ ಹೂವು, ಪರೀಕ್ಷಾ ಶುಲ್ಕದ ಸುತ್ತೋಲೆ ಇವುಗಳ ನಡುವೆ ನಿಮ್ಮ ನೋಟ್ಸ್ ಕಳೆದುಹೋದ ಮೇಲೆ “ಸರ್, ಆ ಪಿಡಿಎಫ್ ಇನ್ನೊಂದ್ಸಲ ಕಳಿಸಿ” ಎಂಬ ಸಂದೇಶಕ್ಕೆ ರಾತ್ರಿ ಹನ್ನೊಂದಕ್ಕೆ ಉತ್ತರಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ವಿಡಿಯೊ ಮತ್ತು ನೋಟ್ಸ್ ತಯಾರಿಸುವುದು

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮತ್ತು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆ ಆನ್‌ಲೈನ್ ಪಾಠಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತವೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆ, ಸ್ವಯಂ ಮೌಲ್ಯಮಾಪನ. ವ್ಯವಹಾರದಲ್ಲಿ ನಮ್ಮಲ್ಲಿ ಹೆಚ್ಚಿನವರ ಶಕ್ತಿಯೆಲ್ಲ ಮೊದಲನೆಯದಕ್ಕೇ ಸೋರಿಹೋಗುತ್ತದೆ, ಅದೂ 50 ನಿಮಿಷದ ವಿಡಿಯೊಗಳಿಗೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ವೇದಿಕೆಯ ಕೋರ್ಸುಗಳಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ ಗುವೊ, ಕಿಮ್ ಮತ್ತು ರೂಬಿನ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುಗರು ಅದರೊಂದಿಗೆ ಉಳಿಯುವ ಅವಧಿಯ ಮಧ್ಯಾಂಕ (ಮೀಡಿಯನ್) ಆರು ನಿಮಿಷ ಮೀರುವುದಿಲ್ಲ. ಸ್ಲೈಡುಗಳನ್ನು ಓದುವ ವಿಡಿಯೊಗಿಂತ ಕೈಯಿಂದ ಬರೆಯುತ್ತ ವಿವರಿಸುವ ವಿಡಿಯೊ ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂಬುದೂ ಅದೇ ಅಧ್ಯಯನದ ಕಾಣ್ಕೆ. ಇದು ನಮಗೆ ಒಳ್ಳೆಯ ಸುದ್ದಿ: ಸ್ಟುಡಿಯೊ ಬೇಕಾಗಿಲ್ಲ.

ಮೇಜಿನ ಎರಡು ಬದಿಗೆ ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಅಡ್ಡಲಾಗಿ ಒಂದು ಉದ್ದನೆಯ ಸ್ಕೇಲು ಅಥವಾ ಹಲಗೆ ಇಟ್ಟು, ಅದರ ಮೇಲೆ ಕ್ಯಾಮೆರಾ ಕೆಳಮುಖವಾಗುವಂತೆ ಫೋನ್ ಇಡಿ. ಕೆಳಗೆ ಬಿಳಿ ಹಾಳೆ, ದಪ್ಪ ಸ್ಕೆಚ್ ಪೆನ್ನು. ಕಿಟಕಿಯ ಬೆಳಕು ಎಡಗಡೆಯಿಂದ ಬಂದರೆ ಬಲಗೈಯ ನೆರಳು ಬರಹದ ಮೇಲೆ ಬೀಳುವುದಿಲ್ಲ. ಇಯರ್‌ಫೋನಿನ ಮೈಕ್ ಸಾಕು, ಫ್ಯಾನ್ ಆರಿಸಿ. ಚಿತ್ರ ಸ್ವಲ್ಪ ಮಸುಕಾದರೂ ವಿದ್ಯಾರ್ಥಿ ಸಹಿಸಿಕೊಳ್ಳುತ್ತಾನೆ, ಧ್ವನಿ ಕೆಟ್ಟರೆ ಮುಚ್ಚಿಬಿಡುತ್ತಾನೆ. ಬೇಡಿಕೆ ರೇಖೆಯನ್ನು ಮುಂಚೆಯೇ ಬರೆದಿಟ್ಟು ತೋರಿಸಬೇಡಿ. ಅಕ್ಷಗಳಿಂದ ಶುರುಮಾಡಿ ಅವರ ಕಣ್ಣೆದುರೇ ಎಳೆಯಿರಿ, “ಈಗ ವಿಡಿಯೊ ನಿಲ್ಲಿಸಿ, ಮುಂದಿನ ಬಿಂದು ಎಲ್ಲಿ ಬರುತ್ತದೆ ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಗುರುತಿಸಿ” ಎಂದು ಹೇಳಿ. ಒಂದು ವಿಡಿಯೊಗೆ ಒಂದೇ ವಿಚಾರ. ಸ್ಲೈಡ್ ಬಳಸಲೇಬೇಕಾದರೆ ಅದರಲ್ಲಿ ಚಿತ್ರ ಮತ್ತು ಕೆಲವು ಪದಗಳಿರಲಿ, ಪೂರ್ಣ ವಾಕ್ಯಗಳನ್ನು ತುಂಬಿ ಅವನ್ನೇ ಗಟ್ಟಿಯಾಗಿ ಓದುವುದರಿಂದ ಕಣ್ಣು ಮತ್ತು ಕಿವಿ ಒಂದನ್ನೊಂದು ತಡೆಯುತ್ತವೆ. ಬಹುಮಾಧ್ಯಮ ಕಲಿಕೆಯ ಕುರಿತು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ನಡೆಸಿದ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ.

ಕನ್ನಡದಲ್ಲಿ ನೋಟ್ಸ್ ಕೊಡುವವರು ಅಕ್ಷರಶೈಲಿಯ ಕಡೆ ಗಮನ ಕೊಡಬೇಕು. ಹತ್ತು ಹದಿನೈದು ವರ್ಷಗಳಿಂದ ಕಂಪ್ಯೂಟರಿನಲ್ಲಿ ಕಾಪಾಡಿಕೊಂಡು ಬಂದ, ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನ ಕಡತವನ್ನು ಹಾಗೆಯೇ ವರ್ಡ್ ರೂಪದಲ್ಲಿ ಕಳುಹಿಸಿದರೆ ವಿದ್ಯಾರ್ಥಿಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಗೋಜಲು ಕಾಣುತ್ತದೆ. ಅದನ್ನೇ ಪಿಡಿಎಫ್ ಮಾಡಿದರೆ ಕಣ್ಣಿಗೆ ಕಾಣುತ್ತದೆ ನಿಜ, ಆದರೆ ಒಳಗೆ ಪದ ಹುಡುಕಲಾಗುವುದಿಲ್ಲ, ಮತ್ತು ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿ, ಆಮೇಲೆ ಹಾಕಿ. ಪುಸ್ತಕದ ಪುಟಗಳ ಫೋಟೊ ತೆಗೆದು ಕಳುಹಿಸುವ ಅಭ್ಯಾಸದ ಬಗ್ಗೆಯೂ ಇದೇ ಮಾತು.

ಪ್ರತಿ ಘಟಕಕ್ಕೂ ಹತ್ತು ಪದಗಳ ಒಂದು ದ್ವಿಭಾಷಾ ಪಟ್ಟಿ ಮಾಡಿ. ಸ್ಥಿತಿಸ್ಥಾಪಕತ್ವ ಎಂಬ ಪದವನ್ನು ಪಿಯುಸಿಯಲ್ಲಿ ಕಲಿತವನು ‘ಇಲಾಸ್ಟಿಸಿಟಿ’ ಎಂದಾಗ ಬೇರೇನೋ ಹೊಸ ವಿಷಯವೆಂದು ಗಾಬರಿಯಾಗುತ್ತಾನೆ. ಇಂಗ್ಲಿಷ್ ಮಾಧ್ಯಮದವನಿಗೆ ಕನ್ನಡ ಪದವೇ ಬೆಟ್ಟದಂತೆ ಕಾಣುತ್ತದೆ. ಮೊದಲ ಎರಡು ವಾರ ಎರಡೂ ಪದಗಳನ್ನು ಜೊತೆಜೊತೆಗೆ ಹೇಳಿ, ರಬ್ಬರ್ ಬ್ಯಾಂಡ್ ಎಳೆದು ತೋರಿಸಿ. ಅರ್ಥವಾದ ಮೇಲೆ ಯಾವ ಪದ ಬಳಸಿದರೂ ನಡೆಯುತ್ತದೆ.

ಡೇಟಾದ ಲೆಕ್ಕವನ್ನೂ ಮರೆಯಬಾರದು. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಉಳಿಸಿದ ಧ್ವನಿಯ ಒಂದು ಗಂಟೆ 29 ಎಂಬಿಯಷ್ಟಾಗುತ್ತದೆ. ಆರು ನಿಮಿಷಕ್ಕೆ ಮೂರು ಎಂಬಿ ಸಾಕು. ಆದ್ದರಿಂದ ಪ್ರತಿ ವಿಡಿಯೊದ ಜೊತೆಗೆ ಅದರ ಧ್ವನಿಯನ್ನು ಮಾತ್ರ ಬೇರೆ ಕಡತವಾಗಿ, ಬರೆದ ಹಾಳೆಯ ಒಂದು ಫೋಟೊ ಸಮೇತ ಹಾಕಿ. ನೆಟ್‌ವರ್ಕ್ ಕಡಿಮೆಯಿರುವವರು ಆ ಎರಡನ್ನೇ ಇಟ್ಟುಕೊಂಡು ಕಲಿಯಬಹುದು. ಎಲ್ಲವನ್ನೂ ನೀವೇ ತಯಾರಿಸಬೇಕೆಂದೂ ಇಲ್ಲ. ಸ್ವಯಂ ವೇದಿಕೆಯಲ್ಲೂ ಐಐಟಿಗಳ ವಿಡಿಯೊ ಪಾಠಗಳ ಎನ್‌ಪಿಟಿಇಎಲ್‌ನಲ್ಲೂ ಒಳ್ಳೆಯ ಪಾಠಗಳಿವೆ. ಆದರೆ ಕೊಂಡಿ ಕೊಟ್ಟು ಸುಮ್ಮನಾಗದೆ, ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ನೋಡಬೇಕು, ನೋಡಿದ ಮೇಲೆ ಯಾವ ಪ್ರಶ್ನೆಗೆ ಉತ್ತರಿಸಬೇಕು ಎಂದು ಬರೆಯಿರಿ.

ಐದನೆಯ ಹೆಜ್ಜೆ: ನೇರ ತರಗತಿಯ 50 ನಿಮಿಷ

ವಿವರಣೆ ವಿಡಿಯೊದಲ್ಲಿ ಮುಗಿದಿದೆಯಾದ್ದರಿಂದ ನೇರ ತರಗತಿ ಪ್ರಶ್ನೆ, ಲೆಕ್ಕ ಮತ್ತು ವಾದಕ್ಕೆ ಮೀಸಲು. ಗೂಗಲ್ ಮೀಟ್‌ನ ಉಚಿತ ಖಾತೆ ಗುಂಪು ಕರೆಗೆ 60 ನಿಮಿಷ, ಜೂಮ್‌ನದು 40 ನಿಮಿಷ ಮಾತ್ರ ಅವಕಾಶ ಕೊಡುತ್ತದೆಯೆಂಬುದನ್ನು ನೆನಪಿಟ್ಟು ಪಾಠ ಹೊಂದಿಸಿ. ಸಾಧ್ಯವಾದರೆ ಎರಡನೆಯ ಫೋನಿನಿಂದ ವಿದ್ಯಾರ್ಥಿಯಾಗಿ ನಿಮ್ಮದೇ ತರಗತಿಗೆ ಸೇರಿಕೊಳ್ಳಿ. ಅವರಿಗೆ ಏನು ಕಾಣುತ್ತಿದೆ, ಅಕ್ಷರ ಎಷ್ಟು ಸಣ್ಣದಾಗಿದೆ, ನಿಮ್ಮ ಮೈಕ್ ಮ್ಯೂಟ್ ಆಗಿದೆಯೇ ಎಂಬುದೆಲ್ಲ ಅಲ್ಲಿ ಕೂಡಲೇ ಗೊತ್ತಾಗುತ್ತದೆ.

ಮೊದಲ ಐದು ನಿಮಿಷ ಹಿಂದಿನ ವಾರದ ಒಂದು ಪ್ರಶ್ನೆ. ಬಾಗಿಲಲ್ಲೇ ಕೆಲಸ ಕಾದಿದ್ದರೆ ತಡವಾಗಿ ಸೇರುವವರ ಸಂಖ್ಯೆ ಕಡಿಮೆಯಾಗುತ್ತದೆ. ಆಮೇಲೆ ದಿನದ ಮುಖ್ಯ ಪ್ರಶ್ನೆ. ನಾನು ಬಳಸುವ ಒಂದನ್ನು ಪೂರ್ತಿಯಾಗಿ ಕೊಡುತ್ತೇನೆ.

“ಟೊಮೆಟೊ ಬೆಲೆ ಕೆ.ಜಿ.ಗೆ 40 ರೂಪಾಯಿ ಇದ್ದಾಗ ಒಂದು ಕೂಡುಕುಟುಂಬ ತಿಂಗಳಿಗೆ 10 ಕೆ.ಜಿ. ಕೊಳ್ಳುತ್ತಿತ್ತು. ಬೆಲೆ 60 ರೂಪಾಯಿ ಆದಾಗ 8 ಕೆ.ಜಿ. ಕೊಂಡಿತು. ಶೇಕಡಾವಾರು ವಿಧಾನದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಷ್ಟು? ಅ) 2.5, ಆ) 0.1, ಇ) 0.4, ಈ) ನನಗೆ ಗೊತ್ತಾಗುತ್ತಿಲ್ಲ.”

ಇಲ್ಲಿ ಯಾವ ತಪ್ಪು ಉತ್ತರವನ್ನೂ ಸುಮ್ಮನೆ ಹಾಕಿಲ್ಲ. ಬೆಲೆ ಶೇ 50 ಏರಿದೆ, ಪ್ರಮಾಣ ಶೇ 20 ಇಳಿದಿದೆ, ಆದ್ದರಿಂದ 20ನ್ನು 50ರಿಂದ ಭಾಗಿಸಿ ಋಣ ಚಿಹ್ನೆಯನ್ನು ಬಿಟ್ಟರೆ ಉತ್ತರ 0.4. ಆದರೆ ಅಂಶ ಛೇದಗಳನ್ನು ಅದಲುಬದಲು ಮಾಡಿದವನಿಗೆ 2.5 ಬರುತ್ತದೆ, ಶೇಕಡಾವಾರು ತೆಗೆಯದೆ 2 ಕೆ.ಜಿ.ಯನ್ನು 20 ರೂಪಾಯಿಯಿಂದ ನೇರವಾಗಿ ಭಾಗಿಸಿದವನಿಗೆ 0.1 ಬರುತ್ತದೆ. ಹೀಗೆ ಪ್ರತಿಯೊಂದು ತಪ್ಪು ಆಯ್ಕೆಯೂ ಒಂದೊಂದು ಬಗೆಯ ತಪ್ಪು ತಿಳಿವಳಿಕೆಯ ವಿಳಾಸವಾಗಿರಬೇಕು. ಎಷ್ಟು ಜನ ‘ಆ’ ಎಂದರು ಎಂಬುದನ್ನು ನೋಡಿದರೆ ಯಾವುದನ್ನು ಮತ್ತೆ ವಿವರಿಸಬೇಕೆಂದು ಕ್ಷಣದಲ್ಲಿ ತಿಳಿಯುತ್ತದೆ. ‘ಗೊತ್ತಾಗುತ್ತಿಲ್ಲ’ ಎಂಬ ಆಯ್ಕೆಯನ್ನು ನಾನು ಕಡ್ಡಾಯವಾಗಿ ಇಡುತ್ತೇನೆ. ಊಹೆ ಮಾಡಿ ಸರಿ ಉತ್ತರ ಒತ್ತಿದವನಿಗಿಂತ ಅದನ್ನು ಒತ್ತಿದವನು ನನಗೆ ಹೆಚ್ಚು ಸಹಾಯ ಮಾಡುತ್ತಾನೆ.

ಉತ್ತರ ಪಡೆಯುವ ಕ್ರಮವೂ ಮುಖ್ಯ. “ಎಲ್ಲರೂ ಚಾಟ್‌ನಲ್ಲಿ ಉತ್ತರ ಬರೆದಿಟ್ಟುಕೊಳ್ಳಿ, ನಾನು ಹೇಳುವವರೆಗೆ ಕಳುಹಿಸಬೇಡಿ” ಎಂದು ಹೇಳಿ, ಎರಡು ನಿಮಿಷ ಬಿಟ್ಟು “ಈಗ ಕಳುಹಿಸಿ” ಎನ್ನಿ. ಎಲ್ಲರ ಉತ್ತರವೂ ಒಮ್ಮೆಲೇ ಬೀಳುವುದರಿಂದ ಮೊದಲ ಬೆಂಚಿನ ಜಾಣೆಯ ಉತ್ತರ ನೋಡಿ ಉಳಿದವರು ನಕಲು ಮಾಡುವುದಕ್ಕೆ ಎಡೆಯಿರುವುದಿಲ್ಲ. ಉತ್ತರಗಳು ಹಂಚಿಹೋಗಿದ್ದರೆ ಸರಿ ಯಾವುದೆಂದು ಹೇಳದೆ, ‘ಅ’ ಎಂದವರೊಬ್ಬರನ್ನು ಮತ್ತು ‘ಇ’ ಎಂದವರೊಬ್ಬರನ್ನು ತಮ್ಮ ಲೆಕ್ಕದ ದಾರಿ ವಿವರಿಸಲು ಕೇಳಿ, ಮತ್ತೊಮ್ಮೆ ಉತ್ತರ ಪಡೆಯಿರಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ಸಹಪಾಠಿ ಬೋಧನೆಯ ತಿರುಳು ಇದೇ: ಈಗಷ್ಟೇ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ, ಇನ್ನೂ ಅರ್ಥವಾಗದವನ ತೊಡಕು ಎಲ್ಲಿದೆಯೆಂದು ಮೇಷ್ಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಂತರ ಅದೇ ಸಂಖ್ಯೆಗಳಿಂದ ಮುಂದಿನ ಹೆಜ್ಜೆ ಹಾಕಿ. ಕುಟುಂಬದ ಖರ್ಚು 400ರಿಂದ 480 ರೂಪಾಯಿಗೆ ಏರಿತು. ಹಾಗಾದರೆ ಮಾರುವವನಿಗೆ ಲಾಭವಾಯಿತಲ್ಲವೇ? 2023ರ ಜುಲೈಯಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿದಾಗ ಕೋಲಾರದ ಕೆಲವು ರೈತರ ಕೈಗೆ ಒಳ್ಳೆಯ ಹಣ ಬಂದದ್ದಕ್ಕೂ, ಬೆಳೆ ಹೆಚ್ಚಾಗಿ ಬಂದ ವರ್ಷ ಅದೇ ರೈತರು ರಸ್ತೆಗೆ ಟೊಮೆಟೊ ಸುರಿಯುವುದಕ್ಕೂ ಈ 0.4ಕ್ಕೂ ಏನು ಸಂಬಂಧ? ಇಲ್ಲಿಗೆ ಬಂದಾಗ ಮೈಕ್‌ಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಬೋಧಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ತಾವೇ ಮುಂದೆ ಮಾತಾಡುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು. ಅದು ಕೊಠಡಿಯ ಮಾತು. ಆನ್‌ಲೈನಿನಲ್ಲಿ ಮ್ಯೂಟ್ ತೆಗೆಯುವ ಸಮಯ, ಧ್ವನಿ ತಲುಪುವ ತಡ, ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡುವ ಸಮಯ ಎಲ್ಲ ಸೇರಿ ಹತ್ತು ಸೆಕೆಂಡು ಬೇಕು. ಆ ಮೌನ ಭಯಂಕರವೆನಿಸುತ್ತದೆ. ನಾನು ಬಾಯಿಗೆ ಒಂದು ಗುಟುಕು ನೀರು ತುಂಬಿಕೊಳ್ಳುತ್ತೇನೆ, ಆಗ ಮಾತಾಡಲು ಆಗುವುದಿಲ್ಲ.

ಕ್ಯಾಮೆರಾ ಆನ್ ಮಾಡಲೇಬೇಕೆಂದು ಒತ್ತಾಯಿಸಬೇಡಿ. ಡೇಟಾ ಒಂದು ಕಾರಣ. ಒಂದೇ ಕೋಣೆಯ ಮನೆ, ಹಿಂದೆ ಓಡಾಡುವ ಅಜ್ಜಿ, ಬಣ್ಣ ಕಾಣದ ಗೋಡೆ ಇವುಗಳ ಸಂಕೋಚ ಅದಕ್ಕಿಂತ ದೊಡ್ಡ ಕಾರಣ. ಹಾಗೆಯೇ ಸಣ್ಣ ಗುಂಪುಗಳಾಗಿ ಒಡೆಯುವ ಬ್ರೇಕ್‌ಔಟ್ ಕೋಣೆಗಳನ್ನೂ ಎಚ್ಚರಿಕೆಯಿಂದ ಬಳಸಿ. ಮಾಡಿ ತರಬೇಕಾದ ಸ್ಪಷ್ಟ ಕೆಲಸ, ವರದಿ ಹೇಳಬೇಕಾದ ಒಬ್ಬರ ಹೆಸರು, ಎಂಟು ನಿಮಿಷದ ಗಡುವು ಈ ಮೂರೂ ಇಲ್ಲದಿದ್ದರೆ ಆ ಕೋಣೆಗಳಲ್ಲಿ ನಡೆಯುವುದು ಮೌನ ಅಥವಾ ಕ್ರಿಕೆಟ್ಟಿನ ಮಾತು.

ಆರನೆಯ ಹೆಜ್ಜೆ: ತರಗತಿಯ ಹೊರಗಿನ ಚರ್ಚೆ

“ಸ್ಥಿತಿಸ್ಥಾಪಕತ್ವದ ಮಹತ್ವವನ್ನು ಚರ್ಚಿಸಿ” ಎಂದು ಚರ್ಚಾ ವೇದಿಕೆಯಲ್ಲಿ ಹಾಕಿದರೆ ಗೈಡಿನ ಒಂದೇ ಪ್ಯಾರಾ 70 ಸಲ ಬರುತ್ತದೆ. ಒಬ್ಬರ ಉತ್ತರ ಇನ್ನೊಬ್ಬರದಾಗಲು ಸಾಧ್ಯವಿಲ್ಲದ ಪ್ರಶ್ನೆ ಬೇಕು: “ಈ ವಾರ ನಿಮ್ಮ ಊರಿನ ಸಂತೆ ಅಥವಾ ಅಂಗಡಿಯಲ್ಲಿ ಮೂರು ವಸ್ತುಗಳ ದರ ವಿಚಾರಿಸಿ. ಬೆಲೆ ಅರ್ಧದಷ್ಟು ಏರಿದರೆ ನಿಮ್ಮ ಮನೆಯಲ್ಲಿ ಯಾವುದನ್ನು ಕಡಿಮೆ ಕೊಳ್ಳುತ್ತೀರಿ, ಯಾವುದನ್ನು ಹಾಗೆಯೇ ಕೊಳ್ಳುತ್ತೀರಿ ಎಂದು ಅಡುಗೆ ಮಾಡುವವರನ್ನು ಕೇಳಿ ಬರೆಯಿರಿ.” 70 ಜನರ ಒಂದೇ ಚರ್ಚೆಯಲ್ಲಿ ಯಾರೂ ಯಾರನ್ನೂ ಓದುವುದಿಲ್ಲ. ಆರೇಳು ಜನರ ಗುಂಪು ಮಾಡಿ, ಬೇರೆ ಬೇರೆ ತಾಲ್ಲೂಕಿನವರನ್ನು ಒಂದೇ ಗುಂಪಿಗೆ ಹಾಕಿ. ಸಂತೆಯ ದರಗಳ ವ್ಯತ್ಯಾಸವೇ ಅವರನ್ನು ಮಾತಿಗೆ ಎಳೆಯುತ್ತದೆ. ಪ್ರತಿ ಪೋಸ್ಟಿಗೂ ನೀವು ಉತ್ತರಿಸಲು ಹೋಗಬೇಡಿ, ವಾರದ ಕೊನೆಗೆ ಪ್ರತಿ ಗುಂಪಿಗೆ ನಾಲ್ಕು ಸಾಲು ಸಾಕು. ಧ್ವನಿ ಸಂದೇಶದಲ್ಲಿ ಉತ್ತರಿಸಲು ಅವಕಾಶ ಕೊಟ್ಟರೆ ಟೈಪ್ ಮಾಡಲು ಬೇಸರಪಡುವವರೂ ಬರುತ್ತಾರೆ.

ಏಳನೆಯ ಹೆಜ್ಜೆ: ಪರೀಕ್ಷೆ, ನಕಲು ಮತ್ತು ಚಾಟ್‌ಜಿಪಿಟಿ

ವಾರದ ಕಿರುಪರೀಕ್ಷೆಯನ್ನು ಅಂಕ ಕೊಡುವ ಸಾಧನವೆಂದು ಕಾಣದೆ ಕಲಿಸುವ ಸಾಧನವೆಂದು ಕಾಣಿರಿ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ, ಓದುವ ಬದಲು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದ್ದರಿಂದ ಐದು ಪ್ರಶ್ನೆಗಳಲ್ಲಿ ಮೂರು ಈ ವಾರದ್ದಿರಲಿ, ಒಂದು ಹಿಂದಿನ ವಾರದ್ದು, ಒಂದು ತಿಂಗಳ ಹಿಂದಿನದು. ಎಷ್ಟು ಸಲ ಬೇಕಾದರೂ ಬರೆಯಲು ಬಿಡಿ, ತಪ್ಪಾದಾಗ ಏಕೆ ತಪ್ಪು ಎಂಬ ಒಂದು ವಾಕ್ಯ ಕಾಣುವಂತೆ ಗೂಗಲ್ ಫಾರ್ಮ್‌ನಲ್ಲೇ ಹೊಂದಿಸಬಹುದು.

ಅಂಕದ ಪರೀಕ್ಷೆಯಲ್ಲಿ ನಕಲು ತಡೆಯಲು ಕ್ಯಾಮೆರಾ ಕಾವಲು ಹಾಕುವುದಕ್ಕಿಂತ ಪ್ರಶ್ನೆಯನ್ನೇ ಬದಲಿಸುವುದು ಮೇಲು. ಪುಸ್ತಕ ತೆರೆದೇ ಇರುತ್ತದೆ ಎಂದು ಒಪ್ಪಿಕೊಂಡು ಪ್ರಶ್ನೆ ಬರೆಯಿರಿ. ಪ್ರತಿಯೊಬ್ಬರೂ ತಾವೇ ಸಂತೆಯಿಂದ ತಂದ ದರಗಳ ಮೇಲೆ ಲೆಕ್ಕ ಮಾಡಬೇಕು, ಕೈಬರಹದಲ್ಲಿ ಬರೆದು ಫೋಟೊ ತೆಗೆದು ಹಾಕಬೇಕು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ವಿವರಿಸಿ’, ‘ಟಿಪ್ಪಣಿ ಬರೆಯಿರಿ’ ಎಂಬ ಮನೆಗೆಲಸಗಳಿಂದ ವಿದ್ಯಾರ್ಥಿಗೆ ಏನು ಬರುತ್ತದೆಂದು ತಿಳಿಯುವುದು ಬಹುಮಟ್ಟಿಗೆ ಅಸಾಧ್ಯವಾಗಿದೆ; ಯಂತ್ರ ಬರೆದದ್ದನ್ನು ಪತ್ತೆಹಚ್ಚುತ್ತೇವೆನ್ನುವ ತಂತ್ರಾಂಶಗಳನ್ನು ನಂಬಿ ಹುಡುಗನೊಬ್ಬನನ್ನು ಕಳ್ಳನೆನ್ನುವ ಧೈರ್ಯ ನನಗಿಲ್ಲ. ನಾನು ಮಾಡುವುದು ಇಷ್ಟೇ: ಬರವಣಿಗೆಗೆ ಅರ್ಧ ಅಂಕ, ಅದರ ಮೇಲೆ ಫೋನಿನಲ್ಲಿ ನಡೆಸುವ ಐದು ನಿಮಿಷದ ಮೌಖಿಕಕ್ಕೆ ಇನ್ನರ್ಧ. “ನೀವು ಇಲ್ಲಿ ಶೇ 50 ಎಂದು ಬರೆದಿದ್ದೀರಲ್ಲ, ಅದು ಹೇಗೆ ಬಂತು?” 70 ವಿದ್ಯಾರ್ಥಿಗಳಿಗೆ ಸುಮಾರು ಆರು ಗಂಟೆ ಬೇಕು, ಎರಡು ವಾರಕ್ಕೆ ಹಂಚಿಕೊಂಡರೆ ಭಾರವಲ್ಲ. ವರ್ಷವೆಲ್ಲ ಮೈಕ್ ತೆರೆಯದ ಹುಡುಗಿಯರು ಈ ಐದು ನಿಮಿಷದಲ್ಲಿ ಎಷ್ಟು ಸ್ಪಷ್ಟವಾಗಿ ಮಾತಾಡುತ್ತಾರೆಂದರೆ, ಮೌಖಿಕವನ್ನು ಮೊದಲ ತಿಂಗಳಲ್ಲೇ ಇಡಬೇಕಿತ್ತೆಂದು ನನಗೆ ಅನ್ನಿಸಿದ್ದುಂಟು.

ಉತ್ತರ ತಿದ್ದಿ ಮರಳಿಸುವುದು ಮುಂದಿನ ಕೆಲಸ ಕೊಡುವ ಮೊದಲೇ ಆಗಬೇಕು. ಎಲ್ಲರಿಗೂ ಬಿಡಿಬಿಡಿಯಾಗಿ ಬರೆಯಲು ಆಗುವುದಿಲ್ಲ. 15 ಉತ್ತರಗಳನ್ನು ಓದುವಷ್ಟರಲ್ಲಿ ಮೂರು ನಾಲ್ಕು ಬಗೆಯ ತಪ್ಪುಗಳು ಮರುಕಳಿಸುವುದು ಕಾಣುತ್ತದೆ. ಅವಕ್ಕೆ ಸಂಖ್ಯೆ ಕೊಟ್ಟು, ಪ್ರತಿ ತಪ್ಪಿನ ವಿವರಣೆಯನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಹಾಕಿ, ಪ್ರತಿಯೊಬ್ಬರ ಉತ್ತರದ ಮೇಲೆ ತಪ್ಪಿನ ಸಂಖ್ಯೆ ಮಾತ್ರ ಬರೆಯಿರಿ. ತೀರಾ ಹಿಂದುಳಿದ ಐದಾರು ಮಂದಿಗೆ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸಿ, ಹೆಸರು ಹಿಡಿದು ಮಾತಾಡಿ.

ಎಂಟನೆಯ ಹೆಜ್ಜೆ: ಕಾಣೆಯಾಗುವವರನ್ನು ಹುಡುಕುವುದು

ಪ್ರತಿ ಶನಿವಾರ ಒಂದು ಹಾಳೆಯಲ್ಲಿ ಮೂರು ಕಂಬ ಎಳೆದು ನೋಡಿ: ನೇರ ತರಗತಿ, ಕಿರುಪರೀಕ್ಷೆ, ಸಲ್ಲಿಕೆ. ಎರಡು ವಾರ ಸತತವಾಗಿ ಮೂರೂ ಖಾಲಿಯಿದ್ದವರಿಗೆ ಸಂದೇಶವಲ್ಲ, ಫೋನ್ ಕರೆ ಹೋಗಬೇಕು. “ಏಕೆ ಬರುತ್ತಿಲ್ಲ?” ಎಂದು ಶುರುಮಾಡಿದರೆ “ನೆಟ್‌ವರ್ಕ್ ಇಲ್ಲ ಸರ್” ಎಂಬ ಸಿದ್ಧ ಉತ್ತರ ಬರುತ್ತದೆ, “ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?” ಎಂದು ಶುರುಮಾಡಿದರೆ ನಿಜವಾದ ಕಾರಣ ಬರುತ್ತದೆ. ಫೋನ್ ಕೆಟ್ಟಿರಬಹುದು, ತಂದೆಗೆ ಹುಷಾರಿಲ್ಲದಿರಬಹುದು, ಮದುವೆ ಗೊತ್ತಾಗಿರಬಹುದು, ಅಥವಾ ಮೊದಲ ವಾರದ ವಿಡಿಯೊ ಅರ್ಥವಾಗದೆ ನಾಚಿಕೆಯಿಂದ ದೂರ ಉಳಿದಿರಬಹುದು. ಕೊನೆಯ ಬಗೆಯವರಿಗೆ ಬಾಕಿ ಕೆಲಸವನ್ನೆಲ್ಲ ತಲೆಯ ಮೇಲೆ ಹೊರಿಸದೆ, ಈ ವಾರದ ಒಂದು ಕೆಲಸವನ್ನಷ್ಟೇ ಮಾಡಿ ಎಂದು ಹೇಳಿ ಒಳಗೆ ಕರೆದುಕೊಳ್ಳಬೇಕು.

ಒಂಬತ್ತನೆಯ ಹೆಜ್ಜೆ: ನಾಲ್ಕನೆಯ ವಾರದಲ್ಲಿ ತಿದ್ದುಪಡಿ

ಸೆಮಿಸ್ಟರ್ ಮುಗಿದ ಮೇಲೆ ಪಡೆಯುವ ಅಭಿಪ್ರಾಯದಿಂದ ಆ ತರಗತಿಯವರಿಗೆ ಏನೂ ಉಪಯೋಗವಿಲ್ಲ. ನಾಲ್ಕನೆಯ ವಾರದಲ್ಲೇ ಹೆಸರು ಕೇಳದ ಫಾರ್ಮ್‌ನಲ್ಲಿ ಮೂರು ಪ್ರಶ್ನೆ ಕೇಳಿ: ಯಾವುದರಿಂದ ಕಲಿತಿರಿ, ಯಾವುದು ಸಮಯ ವ್ಯರ್ಥವೆನಿಸಿತು, ವಾರಕ್ಕೆ ಎಷ್ಟು ಗಂಟೆ ಹಿಡಿಯುತ್ತಿದೆ. ಬಂದ ಉತ್ತರಗಳಲ್ಲಿ ಒಂದನ್ನಾದರೂ ಮುಂದಿನ ವಾರವೇ ಜಾರಿಗೆ ತಂದು, “ನೀವು ಹೇಳಿದ್ದರಿಂದ ಇದನ್ನು ಬದಲಿಸಿದ್ದೇನೆ” ಎಂದು ತರಗತಿಯಲ್ಲಿ ಹೇಳಿ. ನನ್ನ ತರಗತಿಯವರು ಮೊದಲ ಸಲ ಕೇಳಿದ್ದು ಸಣ್ಣದೊಂದನ್ನು: ಸಲ್ಲಿಕೆಯ ಗಡುವು ಭಾನುವಾರ ರಾತ್ರಿ ಹನ್ನೆರಡಕ್ಕೆ ಬೇಡ, ಹತ್ತಕ್ಕೆ ಇರಲಿ, ಏಕೆಂದರೆ ಅಷ್ಟು ಹೊತ್ತಿಗೆ ಮನೆಯಲ್ಲಿ ದೀಪ ಆರಿಸುತ್ತಾರೆ.

ಸೆಮಿಸ್ಟರ್ ಮುಗಿದಾಗ ಉಳಿಸಿಕೊಳ್ಳಬೇಕಾದ ಅಮೂಲ್ಯ ಕಡತವೆಂದರೆ ವಿದ್ಯಾರ್ಥಿಗಳ ತಪ್ಪುಗಳ ಪಟ್ಟಿ; ವಿಡಿಯೊಗಳನ್ನು ಯಾವಾಗ ಬೇಕಾದರೂ ಮತ್ತೆ ಮಾಡಬಹುದು. ಸಂಖ್ಯೆ ಕೊಟ್ಟ ಆ ತಪ್ಪುಗಳೇ ಮುಂದಿನ ವರ್ಷದ ಬಹು ಆಯ್ಕೆ ಪ್ರಶ್ನೆಗಳ ತಪ್ಪು ಆಯ್ಕೆಗಳಾಗುತ್ತವೆ. ಪ್ರಶ್ನೆಯಲ್ಲಿರುವ ಟೊಮೆಟೊ ದರವನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ವಿಚಾರಿಸಿ ಹಾಕಿ.